ಅತ್ತೆಯ ಹನ್ನೊಂದು ಮಕ್ಕಳು

ಯಾರು ಯಾರ ಮಗ ಎಂದು ತೀರ್ಪು ಕೊಡುವ ಅಧಿಕಾರ ತಹಶೀಲ್ದಾರರಿಗೆ ಇದೆಯೆಂದು ನೀವು ತಿಳಿದಿದ್ದರೆ ಅದು ನಿಮ್ಮ ಭ್ರಮೆ. ಆ ಅಧಿಕಾರ ಇರುವುದು ಖಾನಾಪುರದ ನಮ್ಮ ಸೋದರತ್ತೆಯ ಕೈಯಲ್ಲಿ! ನನ್ನ ತಂದೆಯ ಅಕ್ಕ. ಅವಳಿಗೆ ವಯಸ್ಸು ಎಂಬತ್ತನಾಲ್ಕು, ಅವಳ ಸಿಟ್ಟಿಗೆ ಇನ್ನೂ ಇಪ್ಪತ್ತು. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ. ಆದರೆ ಮಗ, ಮಗಳು, ಮೊಮ್ಮಗ, ಮರಿಮಗ ಎಂಬ ಮಾತುಗಳನ್ನು ಯಾರಾದರೂ ಅಡ್ಡಾದಿಡ್ಡಿ ಬಳಸಿದರೆ ಅವಳ ಮೈಯೆಲ್ಲ ಉರಿಯುತ್ತದೆ. ಅವಳ ಜೊತೆ ಓಡಾಡಿ ಓಡಾಡಿ ನನ್ನ ಮೈಯೂ ಉರಿಯುತ್ತದೆ, ಆದರೆ ನನ್ನ ಉರಿ ಅವಳ ಮೇಲೆ.

ಲಗ್ನಪತ್ರಿಕೆ ಬಂದರೆ ಎಲ್ಲರೂ ಮುಹೂರ್ತ ನೋಡುತ್ತಾರೆ, ಊಟದ ಹೊತ್ತು ನೋಡುತ್ತಾರೆ. ನಮ್ಮ ಅತ್ತೆ ಕೆಂಪು ಪೆನ್ನು ಹುಡುಕುತ್ತಾಳೆ. ‘ಜ್ಯೇಷ್ಠ ಸುಪುತ್ರ’ ಎಂದಿದ್ದರೆ ಆ ‘ಸು’ವಿನ ಮೇಲೆ ಒಂದು ಗೀಟು. ಮೊದಲು ಒಳ್ಳೆಯವನೆಂದು ತೋರಿಸಲಿ, ಆಮೇಲೆ ಹಚ್ಚಿಕೊಳ್ಳಲಿ ಎಂಬುದು ಅವಳ ಕಾನೂನು. ‘ಕನಿಷ್ಠ ಸುಪುತ್ರಿ’ ಎಂದಿದ್ದರಂತೂ ಕೇಳಲೇಬೇಡಿ. ಮುದ್ದಿನ ಕೊನೆಯ ಮಗಳನ್ನು ಕನಿಷ್ಠ ಎಂದು ಅಚ್ಚು ಹಾಕಿಸಿ ಊರಿಗೆಲ್ಲ ಹಂಚುವುದೆ? ಹೀಗೆ ತಿದ್ದಿದ ಪತ್ರಿಕೆಯನ್ನು ಅವಳು ಪಾರಿಶ್ವಾಡದ ಒಂದು ಮದುವೆಗೆ ಜೊತೆಗೇ ತಂದಿದ್ದಳು. ಮಂಟಪದ ಬಾಗಿಲಲ್ಲಿ ಅತ್ತರು ಹಚ್ಚುತ್ತ ನಿಂತಿದ್ದ ವರನ ತಂದೆಯ ಕೈಗೆ ಅದನ್ನಿಟ್ಟು, “ಸುಪುತ್ರ ಅಂತ ಹಾಕಿಸೀರಿ. ತಾಯಿ ದವಾಖಾನಿಯೊಳಗ ಇದ್ದಾಗ ಇವ ಒಂದ ದಿನಾನೂ ಹಣಿಕಿ ಹಾಕಿಲ್ಲ. ಬರೇ ಪುತ್ರ ಅಂದಿದ್ರ ಸಾಕಾಗತಿತ್ತು” ಎಂದಳು. ಅವತ್ತು ಹೋಳಿಗೆಯ ಬುಟ್ಟಿ ನಾವು ಕುಳಿತ ಸಾಲನ್ನು ನೋಡದ ಹಾಗೆ ದಾಟಿಕೊಂಡು ಹೋಯಿತು. ಇದರಲ್ಲಿ ನನ್ನ ತಪ್ಪೇನಿತ್ತು ಹೇಳಿ!

ಇನ್ನೊಮ್ಮೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಬೆಳಗಾವಿ ಬಸ್ಸಿಗೆ ನಿಂತಿದ್ದೆವು. ಬಾಜೂಕ್ಕೆ ಇಬ್ಬರು ಆಟೋದವರಿಗೆ ಜಗಳ. ಒಬ್ಬ ಇನ್ನೊಬ್ಬನಿಗೆ ‘ಹೋಗಲೇ ಮಗನ’ ಎಂದ. ನಮ್ಮ ಸೀಮೆಯಲ್ಲಿ ಇದು ಬೈಗುಳವೂ ಅಲ್ಲ, ಅರ್ಧ ಉಸಿರು. ಅತ್ತೆ ಕೈಚೀಲ ನನಗೆ ಕೊಟ್ಟು ಅವರ ನಡುವೆ ಹೋಗಿ ನಿಂತಳು.

“ಅವನ್ನ ಮಗಾ ಅಂದೀಯಪಾ. ಮುಂಜಾನಿಂದ ಉಂಡಾನೋ ಇಲ್ಲೋ ಕೇಳೀಯೇನು?”

ಆ ಮನುಷ್ಯ ತಬ್ಬಿಬ್ಬಾಗಿ ಮರಾಠಿಯಲ್ಲಿ ತಪ್ಪಾಯಿತು ಎಂದ. ಕನ್ನಡದಲ್ಲಿ ಸರಿಯಾಗಿ ನಾಟಿಲ್ಲವೇನೋ ಎಂದು ಅತ್ತೆ ಅದೇ ಪ್ರಶ್ನೆಯನ್ನು ಮರಾಠಿಯಲ್ಲಿ ಮತ್ತೊಮ್ಮೆ ಕೇಳಿದಳು! ಅವರಿಬ್ಬರೂ ಒಂದೇ ಪ್ಲೇಟಿನಲ್ಲಿ ಅವಲಕ್ಕಿ ತಿನ್ನುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಅವಳು ತಿರುಗಿ ಬಂದದ್ದು. ಅಷ್ಟರಲ್ಲಿ ನಮ್ಮ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು.

ಇವನ್ನೆಲ್ಲ ನಾನು ಹಲ್ಲು ಕಚ್ಚಿ ತಡೆದುಕೊಂಡೆ. ತಡೆಯದೇ ಹೋದದ್ದು ಹೋದ ವರ್ಷ. ಯಾವುದೋ ಅರ್ಜಿಗಾಗಿ ಅವಳನ್ನು ಬೆಳಗಾವಿಯ ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಗುಮಾಸ್ತರು ಮಕ್ಕಳೆಷ್ಟು ಎಂದು ಕೇಳಿದರು. ಅತ್ತೆ ಒಂದು ಕ್ಷಣವೂ ತಡೆಯದೆ ಹನ್ನೊಂದು ಎಂದಳು. ತಮ್ಮಂದಿರ ಮಕ್ಕಳೆಲ್ಲ ಸೇರಿ ನಾವು ಹನ್ನೊಂದು ಜನ. ಹೆಸರು ಹೇಳಿರಿ ಎಂದರೆ ಮೊದಲು ನನ್ನದೇ ಹೇಳಿದಳು.

ನಾನು ಮುಂದೆ ಬಾಗಿ, “ಸೊನ್ನಿ ಬರೀರಿ. ನಾ ಇವರ ತಮ್ಮನ ಮಗಾ” ಎಂದೆ.

ಗುಮಾಸ್ತರು ದುಂಡಗೆ ಸೊನ್ನೆ ಬರೆದರು. ಅತ್ತೆ ಅದನ್ನು ನೋಡಿದಳು. ಖಾನಾಪುರ ಬರುವವರೆಗೂ ಕಿಟಕಿಯ ಕಡೆಗೇ ಮುಖ. ನನಗೂ ಸಿಟ್ಟು ಬಂತು. ಸರಕಾರದ ಕಾಗದದಲ್ಲಿ ಸುಳ್ಳು ಬರೆಸಲು ಬರುತ್ತದೆಯೆ? ನಾನು ಮೂರು ವರ್ಷದವನಿದ್ದಾಗ ನನ್ನ ತಾಯಿ ತೀರಿಕೊಂಡಳು. ಅಲ್ಲಿಂದ ತಲೆಗೆ ಎಣ್ಣೆ ಹಚ್ಚಿದ್ದು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡದ್ದು, ಸಾಲಿ ಮಾಸ್ತರರ ಮನೆಗೆ ಹೋಗಿ ನನ್ನ ಪರವಾಗಿ ಜಗಳ ತೆಗೆದದ್ದು, ಎಲ್ಲ ಅವಳೇ. ಎಲ್ಲವೂ ಖರೇ. ಆದರೆ ಅದನ್ನೆಲ್ಲ ಬರೆಯಲು ಅರ್ಜಿಯಲ್ಲಿ ಜಾಗ ಎಲ್ಲಿದೆ? ನಾನು ಮಾಡಿದ್ದೇ ಸರಿ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಯಾರೂ ಹೌದು ಅನ್ನಲಿಲ್ಲ.

ಈ ವರ್ಷ ನನ್ನ ಮಗನಿಗೆ ಹೆಣ್ಣು ಕೂಸು ಹುಟ್ಟಿತು. ಅತ್ತೆಯನ್ನು ಕರೆತಂದೆ. ಕೂಸನ್ನು ಮಡಿಲಲ್ಲಿಟ್ಟುಕೊಂಡು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಆಮೇಲೆ ತಲೆ ಎತ್ತದೆ ಕೇಳಿದಳು:

“ಇಕಿ ನನಗ ಏನಾಗಬೇಕೋ?”

ಊರ ಮಂದಿಯ ಮಕ್ಕಳಿಗೆಲ್ಲ ತೀರ್ಪು ಕೊಟ್ಟವಳು ನನ್ನನ್ನು ಕೇಳುತ್ತಿದ್ದಳು. ನನಗೆ ನಾಚಿಕೆಯಾಯಿತು. ಮರುದಿನವೇ ಬಂಗಾರದ ಕೆಲಸ ಮಾಡುವ ಪತ್ತಾರರ ಅಂಗಡಿಗೆ ಹೋದೆ.

ನಮ್ಮಲ್ಲಿ ಮರಿಮಗನ ಮುಖ ಕಂಡ ಹಿರಿಯರ ತಲೆಯ ಮೇಲೆ ಬಂಗಾರದ ಹೂ ಹಾಕುವ ಪದ್ಧತಿ ಇದೆ. ಹೆಸರಿಡುವ ದಿನ, ತೊಟ್ಟಿಲ ಹಾಡು ಮುಗಿದ ಮೇಲೆ, ನಾನು ಅತ್ತೆಯನ್ನು ಮಣೆಯ ಮೇಲೆ ಕೂರಿಸಿ ಉಗುರಿನಷ್ಟು ಪುಟ್ಟ ಹೂವಿನ ಪೊಟ್ಟಣ ಬಿಚ್ಚಿದೆ. ಬೀಡಿ ಎಂಬ ಊರಿನಿಂದ ಬಂದಿದ್ದ ನಮ್ಮ ಕಾಕಾ, ಪದ್ಧತಿಗಳ ಮೇಲೆಲ್ಲ ತಮ್ಮದೇ ಹಕ್ಕೆಂದು ತಿಳಿದವರು, ಕೈ ಅಡ್ಡ ಹಿಡಿದರು.

“ಗಂಡ ಮರಿಮಗಾ ಹುಟ್ಟಿದ್ರ ಹೂ ಹಾಕೂದು. ಇದು ಹೆಣ್ಣು. ಅದೂ ಹೋಗಲಿ, ಅಕ್ಕಗ ಮಕ್ಕಳ ಇಲ್ಲ, ಮರಿಮಕ್ಕಳ ಎಲ್ಲಿಂದ ಬಂದಾವು?”

ಕೋಣೆ ತುಂಬ ಹೆಂಗಸರಿದ್ದರು. ಯಾರನ್ನೂ ಬಿಡದ ಅತ್ತೆ ಕೂಸಿನ ತಲೆಯ ಕುಲಾವಿಯ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದಳು. ನನ್ನ ಮೈಗೆ ಬೆಂಕಿ ಬಿದ್ದಂತಾಯಿತು.

“ಕಾಕಾ, ನಿಮ್ಮ ಅಕ್ಕಗ ನಾ ಅದೇನಿ. ನನಗ ಮಗಾ ಅದಾನ. ಅವನ ಮಗಳು ಈ ಕೂಸು. ಬೆರಳ ಹಿಡದ ಎಣಸ್ರಿ.”

ಕಾಕಾ ಎಣಿಸಿದರೋ ಇಲ್ಲವೋ, ಕೈಯನ್ನಂತೂ ಹಿಂದಕ್ಕೆ ತೆಗೆದರು. ಅವಳ ಬಿಳಿ ಕೂದಲ ನಡುವೆ ಹೂವಿಟ್ಟೆ. ಆಮೇಲೆ ಎಲ್ಲರೂ ಊಟಕ್ಕೆ ಕುಳಿತಾಗ ಅತ್ತೆ, ಹೂ ಜಾರಿ ಬಿದ್ದೀತೆಂದು ಎಡಗೈಯನ್ನು ತಲೆಯ ಮೇಲೆ ಇಟ್ಟುಕೊಂಡೇ ಪೂರ್ತಿ ಊಟ ಮುಗಿಸಿದಳು.