ಜಪಾನಿನಲ್ಲಿ ಹಿಡಿದ ಸೀಟು

ಬಸ್ಸಿನಲ್ಲಿ ಓಡಾಡುವವರಿಗೆ ನಗಲು ಬೇರೆ ಕಾರಣ ಬೇಕಿಲ್ಲ. ನಾನು ಸಿಂದಗಿಯಿಂದ ಇಂಡಿಗೆ, ನನ್ನ ಹೆಂಡತಿ ಮೋರಟಗಿಗೆ, ದಿನಾ ಬಸ್ಸಿನಲ್ಲೇ ಹೋಗಿ ಬರುವ ಶಿಕ್ಷಕರು. ಬೇಸಿಗೆ ರಜೆಯಲ್ಲಿ ಟೂರಿನವರ ಜೊತೆ ಜಪಾನಿಗೆ ಹೊರಟಾಗ, ಬಸ್ಸಿನ ವಿಷಯದಲ್ಲಿ ನಮಗೆ ಕಲಿಸುವವರು ಅಲ್ಲಿ ಯಾರಿದ್ದಾರೆ ಎಂಬ ಧೈರ್ಯ ನನ್ನದು.

ಯಾರಿಗೆ ಬೋರ್ಡು?

ಗುಡ್ಡದ ರಸ್ತೆಯಲ್ಲಿ ಹಳದಿ ಬೋರ್ಡು. ಅದರ ಮೇಲೆ ನರಿಯೋ ನಾಯಿಯೋ ತಿಳಿಯದ ಒಂದು ಪ್ರಾಣಿ. ಅದು ಇಲ್ಲಿ ರಸ್ತೆ ದಾಟುತ್ತದೆ, ಗಾಡಿಯವರು ಜೋಪಾನ ಎಂದು ಗೈಡ್ ವಿವರಿಸಿದ.

"ನಮ್ಮ ಹೂವಿನ ಹಿಪ್ಪರಗಿ ರಸ್ತೆಗೂ ಎಮ್ಮಿ ಚಿತ್ರದ್ದೊಂದು ಹಾಕಸಬೇಕ ನೋಡು" ಎಂದೆ.

"ಡ್ರೈವರಗ ಯಾಕರಿ? ಎಮ್ಮಿಗೆ ಕಾಣೂವಂಗ ಹಾಕಸ್ರಿ, ಈ ದಾರ್ಯಾಗ ಬಸ್ಸೂ ಓಡಾಡತಾವು ಅಂತ" ಎಂದಳು ಹೆಂಡತಿ.

ಕೈ ಎತ್ತಿದರೆ

ದೇವಣಗಾಂವ ಹಾದಿಯಲ್ಲಿ ಹೊಲದ ಬದುವಿನ ಮೇಲೆ ನಿಂತು ಕೈ ಎತ್ತಿದರೂ ಬಸ್ಸು ನಿಲ್ಲುತ್ತದೆ. ಆ ನಂಬಿಕೆಯಿಂದ ಅಲ್ಲಿಯೂ ನಡುರಸ್ತೆಯಲ್ಲಿ ಕೈ ಎತ್ತಿದೆ. ಡ್ರೈವರ್ ಬಿಳಿ ಗ್ಲೌಸಿನ ಕೈ ಎತ್ತಿ, ತಲೆ ಬಾಗಿಸಿ, ಮುಂದೆ ಹೋದ. ಹಿಂದಿನ ಬಸ್ಸಿನವನೂ ಅದನ್ನೇ ಮಾಡಿದ.

"ಎಮ್ಮೆಲ್ಲೆಗೂ ಇಷ್ಟು ನಮಸ್ಕಾರ ಬೀಳಂಗಿಲ್ಲ. ಇನ್ನ ಸ್ಟಾಪಿನ ತನಕ ನಡೀರಿ" ಎಂದಳು. ನಡೆಯುತ್ತಲೇ ಕಟ್ಟಪ್ಪಣೆಯನ್ನೂ ಮಾಡಿದಳು. "ಊರು ಮುಟ್ಟೂತನಕ ಸಿಂದಗಿ ಆಟ ಬಂದ್. ನನಗ ನಾಚಿಕಿ ಬರತೈತಿ."

ಸೀಟು

ಕೊನೆಯ ದಿನ ಪೆಟ್ಟಿಗೆಗಳು ಟೂರಿನವರ ಗಾಡಿಯಲ್ಲಿ ಮುಂದೆ ಹೋಗಿದ್ದವು. ನಾವಿಬ್ಬರು ಸಿಟಿ ಬಸ್ಸಿನಲ್ಲಿ ವಿಮಾನ ನಿಲ್ದಾಣ ಮುಟ್ಟಬೇಕಿತ್ತು. ಸ್ಟಾಪಿನಲ್ಲಿ ಉದ್ದನೆಯ ಸಾಲು. ಬಸ್ಸು ಬಂತು, ಕಿಟಕಿ ತೆರೆದಿತ್ತು. ಹೆಗಲ ಮೇಲಿನ ಟವೆಲ್ಲಿಗೆ ನನ್ನ ಕೈ ತಾನಾಗಿಯೇ ಹೋಯಿತು. ಕಟ್ಟಪ್ಪಣೆ ನೆನಪಾಗಿ ಸುಮ್ಮನೆ ಸಾಲಿನಲ್ಲಿ ನಿಂತೆ.

ಪಕ್ಕಕ್ಕೆ ನೋಡಿದರೆ ಹೆಂಡತಿ ಇಲ್ಲ. ಬಸ್ಸಿನ ಕಿಟಕಿಯೊಳಗೆ ಕೈ ಹಾಕಿ, ಖಾಲಿ ಸೀಟಿನ ಮೇಲೆ ತನ್ನ ಚೀಲ ಒಗೆದು ಬಂದು ನನ್ನ ಹಿಂದೆ ನಿಂತಳು.

"ಸೀಟ್ ಹಿಡದೇನ್ರಿ" ಎಂದಳು, ಬಿಗುಮಾನದಿಂದ.

ಸಾಲು ಒಳಗೆ ಹೋಯಿತು. ನಮ್ಮ ಸರದಿ ಬಂದಾಗ ಡ್ರೈವರ್ ಅಂಗೈ ತೋರಿಸಿದ. ಜಾಗವಿಲ್ಲ. ಬಾಗಿಲು ಮುಚ್ಚಿತು, ಬಸ್ಸು ಹೋಯಿತು.

"ಹೋಗಲಿ ಬಿಡು, ಚೀಲ ತಾನ ಎಷ್ಟರದು" ಎಂದೆ.

"ಇಬ್ಬರ ಪಾಸ್‌ಪೋರ್ಟೂ ಅದರಾಗ ಅದಾವ್ರಿ."

ಪಾಸ್‌ಪೋರ್ಟ್ ಇಲ್ಲದಿದ್ದರೆ ವಿಮಾನವೂ ಇಲ್ಲ, ಊರೂ ಇಲ್ಲ. ಟ್ಯಾಕ್ಸಿ ಹತ್ತಿ, ಹೋಗುತ್ತಿದ್ದ ಬಸ್ಸಿನ ಕಡೆ ಬೆರಳು ಮಾಡಿದೆ. ಅದು ಪ್ರತಿ ಸ್ಟಾಪಿನಲ್ಲೂ ನಿಲ್ಲುತ್ತ ಹೋದದ್ದೇ ನಮ್ಮ ಪುಣ್ಯ. ವಿಮಾನ ನಿಲ್ದಾಣದಲ್ಲಿ ಅದು ನಿಲ್ಲುವುದಕ್ಕೂ ನಾವು ಓಡಿ ಮುಟ್ಟುವುದಕ್ಕೂ ಸರಿಹೋಯಿತು.

ಕಿಟಕಿಯಲ್ಲಿ ಇಣುಕಿದೆ. ಬಸ್ಸಿನ ತುಂಬ ಜನ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದಾರೆ. ನಡುವೆ ಒಂದೇ ಒಂದು ಸೀಟು ಖಾಲಿ. ಅದರ ಮೇಲೆ ಚೀಲ ಒಂದೇ ಆರಾಮಾಗಿ ಕೂತು ಬಂದಿತ್ತು.

ಒಬ್ಬ ಮುದುಕ ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಬಾಗಿ, ಹೆಂಡತಿಗೆ ಕೊಟ್ಟ. ಪಾಸ್‌ಪೋರ್ಟ್ ಎರಡೂ ಇದ್ದವು. ಅವಳಿಗೆ ಅಳು ಬಂತು, ನನಗೂ ಬಂತು.

"ಲಗೂ ನಡಿ, ವಿಮಾನದ ಹೊತ್ತಾತು" ಎಂದೆ.

ಅವಳು ಕಣ್ಣು ಒರೆಸಿಕೊಂಡು ಖಾಲಿಯಾದ ಬಸ್ಸಿನ ಕಡೆ ತಿರುಗಿದಳು.

"ಒಂದ್ ನಿಮಿಷ ನಿಂದರ್ರಿ, ಕುಂತು ಬರ್ತೇನಿ. ಹಿಡದ ಸೀಟು" ಎಂದು ಬಸ್ಸು ಹತ್ತಿದಳು.