ಬಿದಿರಿನ ಚಿತ್ರಕ್ಕೆ ಹೊಲಿಗೆ ಹಾಕಿದ್ದು

“ಅದೇನು ಮಹಾ ಕೆಲಸ ಸಾರ್? ನಾನು ಮಾಡ್ತೀನಿ ಬಿಡಿ” ಎಂದು ನಾನೇ ಬಾಯಿ ಹಾಕಿದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಆಗ ನಾನು ಶಿವಮೊಗ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿ. ಮನೆ ಭದ್ರಾವತಿಯ ನ್ಯೂಟೌನಿನಲ್ಲಿ; ಯಜಮಾನರು ಅಲ್ಲೇ ಕಾರ್ಖಾನೆಯಲ್ಲಿ ಫೋರ್‌ಮನ್. ಮನೆಗಳಿಗೆ ಬ್ರಾಡ್‌ಬ್ಯಾಂಡ್ ಬರಲು ಶುರುವಾಗಿದ್ದ ಕಾಲ. ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ಪ್ರಯೋಗಾಲಯದ ಬೋಳು ಗೋಡೆಯ ಮೇಲೆ ಬಿದಿರಿನ ಕಾಂಡದ ಅಡ್ಡಸೀಳಿನ ದೊಡ್ಡ ಚಿತ್ರ ಹಾಕಬೇಕೆಂಬುದು ಪ್ರಿನ್ಸಿಪಾಲರ ಆಸೆ. ತೊಂದರೆಯೆಂದರೆ, ಮೈಕ್ರೋಸ್ಕೋಪಿನಲ್ಲಿ ಒಂದು ಸಲಕ್ಕೆ ಕಾಣುವುದು ಸಾಸಿವೆ ಕಾಳಿನಷ್ಟು ಜಾಗ. ಸ್ಲೈಡನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ, ಮೈಕ್ರೋಸ್ಕೋಪಿಗೆ ಸಿಕ್ಕಿಸಿದ ಕ್ಯಾಮೆರಾದಲ್ಲಿ ಫೋಟೊ ತೆಗೆದು, ಅವನ್ನೆಲ್ಲ ಕೌದಿ ಹೊಲಿದ ಹಾಗೆ ಕೂಡಿಸಿ ಒಂದೇ ಚಿತ್ರ ಮಾಡಬೇಕು.

ಅದಕ್ಕೊಂದು ಸಾಫ್ಟ್‌ವೇರ್ ಇತ್ತು. ಪುಕ್ಕಟೆ! ದೂರದ ದೇಶದ ಪುಣ್ಯಾತ್ಮನೊಬ್ಬ ಅದನ್ನು ಬರೆದು, ಒಳಗಿನ ಕೋಡನ್ನೂ ಮುಚ್ಚಿಡದೆ, ಯಾರು ಬೇಕಾದರೂ ತೆರೆದು ನೋಡಿ, ಬೇಕಾದಂತೆ ತಿದ್ದಿಕೊಳ್ಳಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದ. ಭೌತಶಾಸ್ತ್ರದ ನಾಗೇಶ್ ಸಾರ್ ಮೂಗು ಮುರಿದರು.

“ಪುಕ್ಕಟೆ ಸಿಗೋದು ನೆಟ್ಟಗಿರುತ್ತಾ ಮೇಡಂ?”

“ಎಲ್ಲ ನಿಮ್ಮ ಹಾಗೇ ಇರಲ್ಲ ಸಾರ್!” ಎಂದೆ. ಸಿಟ್ಟು ಶುರುವಾದದ್ದು ಅಲ್ಲಿಂದ.

ಫೋಟೊಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಭದ್ರಾವತಿ ಬಸ್ಸು ಹತ್ತಿದೆ. ಭಾನುವಾರ ತಿಂಡಿ ಮುಗಿಸಿ, ದೇವರಿಗೆ ಕೈಮುಗಿದು ಗುಂಡಿ ಒತ್ತಿದೆ. ಕಂಪ್ಯೂಟರ್ ಮಧ್ಯಾಹ್ನದವರೆಗೆ ಗುರುಗುಟ್ಟಿತು. ಕೊನೆಗೆ ಪರದೆಯ ಮೇಲೆ ಬಂದದ್ದು ಅಂಗೈಯಗಲದ ಒಂದು ಕಂದು ಚೌಕ! ಎಲ್ಲ ಫೋಟೊಗಳೂ ಒಂದರ ಮೇಲೊಂದು ಹತ್ತಿ ಕುಳಿತಿದ್ದವು.

ಯಜಮಾನರು ಬಗ್ಗಿ ನೋಡಿದರು. “ಇದೇನೇ ಮಾರಾಯ್ತಿ, ಬಿದಿರು ಅಂದಿದ್ದೆ. ದನಕ್ಕೆ ಹಿಂಡಿ ಕಲಸಿಟ್ಟ ಹಾಗಿದೆ.”

“ನಿಮಗೇನ್ರೀ ಗೊತ್ತು? ಸುಮ್ನೆ ಕೂತ್ಕೊಳ್ಳಿ!”

“ನಡುವೆ ಆ ಕಪ್ಪು ಚುಕ್ಕೆ ಒಂದು ಮಾತ್ರ ಚೆನ್ನಾಗಿ ಬಂದಿದೆ.”

“ಅದು ಶಿಲೀಂಧ್ರದ ಬೀಜಕಣ!” ಎಂದು ಗುಡುಗಿದೆ. ಓದಿದವಳ ಮಾತು, ಎದುರಾಡುವಂತಿಲ್ಲ.

ಅವರು ಫೋಟೊಗಳನ್ನು ಒಂದೊಂದಾಗಿ ತೆರೆದು ನೋಡಿದರು. “ಎಲ್ಲಾದ್ರಲ್ಲೂ ಇದೆಯಲ್ಲೇ?”

“ಬಿದಿರಿಗೆ ರೋಗ ಬಂದಿದೆ. ಪಾಪ, ಗಿಡಕ್ಕೆ ರೋಗ ಬರಬಾರ್ದಾ?”

ಅವರು ಪೇಪರ್ ಹಿಡಿದು ಹೊರಗೆ ಹೋದರು. ನಾನು ಸಿಟ್ಟಿನಲ್ಲಿ ಕಂಪ್ಯೂಟರಿನ ಡಬ್ಬಕ್ಕೆ ಒಂದು ಬಿಟ್ಟೆ. ಅದು ಪ್ರಾಣ ಬಿಟ್ಟಿತು. ರಿಪೇರಿ ಅಂಗಡಿಯವನು “ಬಿದ್ದಿತ್ತಾ ಮೇಡಂ?” ಎಂದು ಕೇಳಿದ. “ಹೌದು” ಎಂದೆ. ಏಟು ಬಿದ್ದದ್ದಂತೂ ನಿಜ.

ಮತ್ತೆ ಫೋಟೊ ತೆಗೆದೆ. ಮತ್ತೆ ಹಿಂಡಿ! ಬೇರೆ ಬಿದಿರು ತಂದು ಸೀಳಿದೆ. ಅದಕ್ಕೂ ರೋಗ! ಸಮಿತಿ ಬರುವ ದಿನ ಹತ್ತಿರವಾಗುತ್ತಿತ್ತು. ಪ್ರಿನ್ಸಿಪಾಲರು ಗೋಡೆಗೆ ಮೊಳೆ ಹೊಡೆಸಿಯೇ ಬಿಟ್ಟಿದ್ದರು. ನಾಗೇಶ್ ಸಾರ್ ಎದುರಾದಾಗಲೆಲ್ಲ, ಬ್ಲೌಸ್ ಹೊಲಿಯಲು ಕೊಟ್ಟವರ ಹಾಗೆ, “ಹೊಲಿಗೆ ಆಯ್ತಾ ಮೇಡಂ?” ಎನ್ನುತ್ತಿದ್ದರು.

ಕೋಡನ್ನೇ ತಿದ್ದಿಬಿಡುತ್ತೇನೆಂದು ಹಟ ಹಿಡಿದೆ. ತೆರೆದೆ. ನೋಡಿದೆ. ಮುಚ್ಚಿದೆ.

ಉಳಿದದ್ದು ಒಂದೇ ದಾರಿ. ಆ ಪುಣ್ಯಾತ್ಮನಿಗೇ ಮೇಲ್ ಬರೆದೆ, ಇಂಗ್ಲಿಷಿನಲ್ಲಿ, ಎಲ್ಲ ದೊಡ್ಡ ಅಕ್ಷರಗಳಲ್ಲಿ. ತಮ್ಮ ತಂತ್ರಾಂಶವು ಶಿವಮೊಗ್ಗದ ಒಂದು ಗೌರವಾನ್ವಿತ ವಿದ್ಯಾಸಂಸ್ಥೆಯ ಮಾನವನ್ನು ಬೀದಿಗೆ ತಂದಿರುತ್ತದೆ, ಹೊಲಿಯಲು ಬಾರದವರು ಅಂಗಡಿ ತೆರೆಯತಕ್ಕದ್ದಲ್ಲ, ಈ ಬಗ್ಗೆ ತಮಗೆ ನಾಚಿಕೆಯಾಗತಕ್ಕದ್ದು! ಸಾಕ್ಷಿಗೆಂದು ಫೋಟೊಗಳನ್ನೂ ಲಗತ್ತಿಸಿದೆ.

ಮರುದಿನವೇ ಉತ್ತರ ಬಂತು. ಬಯ್ದಿದ್ದರೆ ಚೆನ್ನಾಗಿತ್ತು; ಆ ಮನುಷ್ಯ ವಿನಯದಿಂದ ಬರೆದಿದ್ದ. ‘ಮಾನ್ಯ ಮೇಡಂ, ನಿಮ್ಮ ಎಲ್ಲ ಚಿತ್ರಗಳಲ್ಲೂ ಅದೇ ಜಾಗದಲ್ಲಿ ಅದೇ ಕಲೆ ಇದೆ. ಎಲ್ಲದರಲ್ಲೂ ಕಾಣುವುದು ಅದೊಂದೇ ಆದ್ದರಿಂದ, ಸಾಫ್ಟ್‌ವೇರ್ ಅದನ್ನೇ ನಂಬಿ ಚಿತ್ರಗಳನ್ನು ಒಂದರ ಮೇಲೊಂದು ಇಡುತ್ತಿದೆ. ದಯವಿಟ್ಟು ಕ್ಯಾಮೆರಾದ ಗಾಜು ಒರೆಸಿ. ಅಂದ ಹಾಗೆ, ಈ ಚಿತ್ರಗಳನ್ನು ಬೇರೆಯವರಿಗೆ ಮಾದರಿಯಾಗಿ ಸಾಫ್ಟ್‌ವೇರಿನ ಜೊತೆ ಇಡಬಹುದೇ?’

ಕಾಲೇಜಿಗೆ ಹೋಗಿ ಗಾಜು ಒರೆಸಿದೆ. ಬಟ್ಟೆ ಕೆಂಪಾಯಿತು. ಕುಂಕುಮ! ಬೆಳಕಿಗೆ ಅಡ್ಡ ನಿಂತು ಕಪ್ಪಾಗಿ ಕಂಡಿತ್ತು. ಆಯುಧಪೂಜೆಯ ದಿನ ಕ್ಯಾಮೆರಾ ಬಿಚ್ಚಿಟ್ಟು, ಬೊಟ್ಟಿಟ್ಟು, ಆರತಿ ಎತ್ತಿದವಳು ನಾನೇ.

ಆಮೇಲೆ ಗುಂಡಿ ಒತ್ತಿದರೆ ಬಿದಿರು ಹೂವಿನ ಹಾಗೆ ಅರಳಿ ಬಂತು. ಆ ಸಂತೋಷದಲ್ಲಿ ಅವನಿಗೆ ‘ಧಾರಾಳವಾಗಿ ಇಡಿ’ ಎಂದು ಬರೆದೆ. ಕ್ಷಮೆ ಕೇಳಲು ಮರೆತೆ. ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? ಪ್ರಿನ್ಸಿಪಾಲರ ಕೋಣೆಗೆ ಹೋಗಿ, ನಮ್ಮ ಕಾಲೇಜಿನ ಚಿತ್ರಗಳು ಇಡೀ ಜಗತ್ತಿಗೇ ಮಾದರಿಯಾಗಿವೆ ಎಂದು ಹೇಳಿ ಬಂದೆ.

ಅವರು ಅದನ್ನು ತಪಾಸಣಾ ಸಮಿತಿಯ ಎದುರು ಹೇಳಿದರು. ಗೋಡೆಯ ಮೇಲಿನ ಚಿತ್ರವನ್ನು ಯಾರೂ ನೋಡಲಿಲ್ಲ. ಸಮಿತಿಯ ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು, “ಎಲ್ಲಿ, ತೋರಿಸಿ ನೋಡೋಣ” ಎಂದರು. ನಾಗೇಶ್ ಸಾರ್ ಬಹಳ ಉತ್ಸಾಹದಿಂದ ಕಂಪ್ಯೂಟರಿನ ಮುಂದೆ ಕುಳಿತರು. ಸಾಫ್ಟ್‌ವೇರಿನ ಹೊಸ ಆವೃತ್ತಿ ಇಳಿಯಿತು. ಮಾದರಿಗಳ ಫೋಲ್ಡರ್ ತೆರೆಯಿತು. ಸಾರ್ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು:

“ಡರ್ಟಿ ಲೆನ್ಸ್, ಶಿಮೊಗ.”

ಅಧ್ಯಕ್ಷರು ಕೆಮ್ಮಿದರು. ಪ್ರಿನ್ಸಿಪಾಲರು ಕಾಫಿ ತರಿಸಲು ಓಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಸಿಟ್ಟು ಮಾಡೋಣವೆಂದು ಸುತ್ತ ಹುಡುಕಿದರೆ, ಬಯ್ಯಲು ನನ್ನನ್ನು ಬಿಟ್ಟು ಬೇರೆ ಯಾರೂ ಉಳಿದಿರಲಿಲ್ಲ.

ಸಂಜೆ ಮನೆಗೆ ಬಂದು, ಉಪ್ಪಿಟ್ಟು ತಿನ್ನುತ್ತಿದ್ದ ಯಜಮಾನರಿಗೆ ಎಲ್ಲವನ್ನೂ ಹೇಳಿ, “ಏನಾದ್ರೂ ಸಮಾಧಾನ ಹೇಳ್ರೀ” ಎಂದೆ.

ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ಆ ಮನುಷ್ಯ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು.

“ಸದ್ಯ, ಭದ್ರಾವತಿ ಅಂತ ಬರೀಲಿಲ್ವಲ್ಲ ಮಾರಾಯ್ತಿ. ನಮ್ಮೂರ ಮರ್ಯಾದೆ ಉಳೀತು!”