ಬರ್ಕಾದ ಲಿಫ್ಟರೂ ಬಾಪ್ಪುವಿನ ಶುಕ್ರವಾರಗಳೂ

ನಮ್ಮ ವಾಲಿಬಾಲ್ ತಂಡದ ಅತಿ ದೊಡ್ಡ ಅಭಿಮಾನಿ ಯಾರು ಎಂದು ಕೇಳಿದರೆ ಮಸ್ಕತ್ತಿನಲ್ಲಿರುವ ನಮ್ಮ ಮಂಗಳೂರು ಕರಾವಳಿಯವರೆಲ್ಲ ನಮ್ಮ ಬಾಪ್ಪುವಿನ ಕಡೆ ಕೈ ತೋರಿಸುತ್ತಾರೆ. ಆದರೆ ಎಂಟು ವರ್ಷಗಳಲ್ಲಿ ಒಂದೇ ಒಂದು ನಿಮಿಷವೂ ಅವರು ನಮ್ಮ ತಂಡದ ಕಡೆ ಕೂತವರಲ್ಲ! ಅವರ ಕುರ್ಚಿ ಯಾವಾಗಲೂ ಶತ್ರು ಪಾಳಯದಲ್ಲೇ.

ಬಾಪ್ಪು ಎಂದರೆ ನಮ್ಮ ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಅಪ್ಪನ ತಮ್ಮ. ರುವಿಯ ಒಂದು ಎ.ಸಿ. ಕಂಪನಿಯ ಆಫೀಸಿನಲ್ಲಿ ಕೆಲಸ, ಪಕ್ಕದ ದಾರ್ಸೈಟಿನಲ್ಲಿ ಫ್ಲ್ಯಾಟು. ಆ ಫ್ಲ್ಯಾಟಿನ ದೊಡ್ಡ ಕೋಣೆಯಲ್ಲಿ ಅವರೂ ಅವರ ಹೆಂಡತಿ, ನನ್ನ ಆಂಟಿಯೂ, ಚಿಕ್ಕ ಕೋಣೆಯಲ್ಲಿ ನಾನು. ಬಿಸ್ಕತ್ತು ಕಂಪನಿಯ ವ್ಯಾನಿನಲ್ಲಿ ಅಂಗಡಿ ಅಂಗಡಿ ಸುತ್ತುವುದು ನನ್ನ ಉದ್ಯೋಗ, ಎಲ್ಲರ ದನಿ ಅನುಕರಿಸುವುದು ನನ್ನ ಚಟ. ಮ್ಯಾನೇಜರು, ಆಂಟಿ, ಪಾದ್ರಿಗಳು, ಯಾರನ್ನೂ ಬಿಟ್ಟಿಲ್ಲ. ಒಮ್ಮೆ ನನ್ನದೇ ದನಿಯನ್ನು ಅನುಕರಿಸಲು ಹೋಗಿ, ಅದು ಹೇಗಿದೆ ಎಂದು ನೆನಪಾಗದೆ ಒದ್ದಾಡಿದವನು ನಾನು! ಈ ಒಂದು ಯೋಗ್ಯತೆಯ ಮೇಲೆ ನನಗೆ ಟೂರ್ನಮೆಂಟಿನ ಮೈಕು ಕೊಟ್ಟಿದ್ದರು. ಪಂದ್ಯದ ವೀಕ್ಷಕ ವಿವರಣೆ ನನ್ನದೇ.

ಒಮಾನಿನಲ್ಲಿ ರಜೆ ಎಂದರೆ ಶುಕ್ರವಾರ. ಚಳಿಗಾಲದ ಶುಕ್ರವಾರ ಸಂಜೆ ಸೀಬಿನ ಮೈದಾನದಲ್ಲಿ ನಮ್ಮವರ ವಾಲಿಬಾಲ್. ದಾರ್ಸೈಟ್ ತಂಡ ನಮ್ಮದು, ಬರ್ಕಾ ತಂಡ ಪರಮ ವೈರಿ. ಬರ್ಕಾದ ಪ್ರಾಣವೆಲ್ಲ ಅವರ ಲಿಫ್ಟರನ ಹತ್ತು ಬೆರಳುಗಳಲ್ಲಿ. ಲಿಫ್ಟರ್ ಎಂದರೆ ಚೆಂಡನ್ನು ಬೆರಳ ತುದಿಯಲ್ಲಿ ಎತ್ತಿ, ಹೊಡೆಯುವವನ ಕೈಗೆ ಬಡಿಸುವವನು. ತಂಡದ ತಲೆ ಅವನೇ. ಈ ತಲೆ ಉಳ್ಳಾಲದ ಬ್ಯಾರಿಯೊಬ್ಬರದು, ಎಂದರೆ ನಮ್ಮ ಕರಾವಳಿಯ ಮುಸ್ಲಿಮರೊಬ್ಬರದು. ಬರ್ಕಾದಲ್ಲಿ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಾರೆ, ನಲವತ್ತು ದಾಟಿದ ವಯಸ್ಸು, ಸಣ್ಣ ಹೊಟ್ಟೆ.

ಎದುರಿನವರ ಸರ್ವಿಸಿಗೆ ಮುಂಚೆ ಲಿಫ್ಟರ್ ಬಲೆಗೆ ಬೆನ್ನು ಮಾಡಿ ನಿಂತು, ಹೊಟ್ಟೆಯ ಮುಂದೆ ಗುಟ್ಟಾಗಿ ಬೆರಳು ತೋರಿಸುತ್ತಾನೆ. ಒಂದು ಬೆರಳಾದರೆ ಹೊಡೆತ ಮಧ್ಯದಿಂದ, ಎರಡಾದರೆ ಹಿಂದಿನಿಂದ. ಬಲೆಯ ಆಚೆಯವರಿಗೆ ಅದು ಕಾಣುವುದಿಲ್ಲ. ಆದರೆ ಅವನ ತಂಡದ ಹಿಂದೆ, ಗೆರೆಯಾಚೆ ಕುರ್ಚಿ ಹಾಕಿ ಕೂತವರಿಗೆ? ಅಲ್ಲೇ ಇರುವುದು ಬಾಪ್ಪುವಿನ ಬುದ್ಧಿ! ಅಲ್ಲಿಂದಲೇ ಅವರು ನಮ್ಮ ಹುಡುಗರಿಗೆ ಕೊಂಕಣಿಯಲ್ಲಿ ಕೂಗುತ್ತಿದ್ದರು. “ಮಧೆಂ!” ಎಂದರೆ ಮಧ್ಯ, “ಪಾಟ್ಲ್ಯಾನ್!” ಎಂದರೆ ಹಿಂದಿನಿಂದ. ಬ್ಯಾರಿಗಳಿಗೆ ಕೊಂಕಣಿ ಎಲ್ಲಿಂದ ಬರಬೇಕು? ಅಂಪೈರ್ ಮಲಯಾಳಿ, ಅವನಿಗೆ ಅದು ಯಾವುದೋ ಪ್ರಾರ್ಥನೆಯ ಹಾಗೆ ಕೇಳುತ್ತಿತ್ತೋ ಏನೋ.

ಸೆಟ್ಟು ಮುಗಿದಾಗ ತಂಡಗಳು ಅಂಗಣ ಬದಲಿಸುತ್ತವಲ್ಲ, ಬಾಪ್ಪುವೂ ಬದಲಿಸಬೇಕು! ಮಡಚುವ ಕುರ್ಚಿ ಕಂಕುಳಲ್ಲಿ, ನೀರಿನ ಬಾಟಲಿ ಕೈಯಲ್ಲಿ, ಕಡಲೆ ಪೊಟ್ಟಣ ಬಾಯಲ್ಲಿ. ನಾನು ಮೈಕಿನಲ್ಲಿ ಸಾರುತ್ತಿದ್ದೆ: “ಇದೀಗ ಸನ್ಮಾನ್ಯ ಕುರ್ಚಿಯವರು ಉತ್ತರದಿಂದ ದಕ್ಷಿಣಕ್ಕೆ ದಂಡಯಾತ್ರೆ ಹೊರಟಿದ್ದಾರೆ!”

ಮಧ್ಯೆ ಮಧ್ಯೆ ಬಾಪ್ಪು, ಲಿಫ್ಟರ್ ಇಬ್ಬರ ಜಗಳ ಬೇರೆ. ನಮ್ಮ ಕಡೆ ಕ್ರೈಸ್ತರನ್ನು ಪೊರ್ಬುಗಳು ಎನ್ನುವುದು ರೂಢಿ.

“ಬ್ಯಾರಿಗಳೇ, ಹೊಟ್ಟೆ ಒಳಗೆ ಎಳ್ಕೊಳ್ಳಿ, ಬಲೆಗೆ ತಾಗ್ತಾ ಉಂಟು!”

“ಪೊರ್ಬುಗಳೇ, ಆ ಕುರ್ಚಿಯ ಕಾಲು ಬಗ್ಗಿದೆ. ಪಾಪ, ಅದಕ್ಕೂ ಒಂದು ಜೀವ ಉಂಟಲ್ವಾ?”

ಚರ್ಚಿನಲ್ಲಿ ಪಾದ್ರಿಗಳು ವೈರಿಗಳನ್ನೂ ಪ್ರೀತಿಸಬೇಕು ಎಂದು ಬೋಧಿಸಿದ ದಿನ ಬಾಪ್ಪು ಊಟಕ್ಕೆ ಕೂತು ತೀರ್ಪು ಕೊಟ್ಟಿದ್ದರು: “ಅದು ವಾಲಿಬಾಲಿಗೆ ಲಾಗು ಆಗುವುದಿಲ್ಲ.”

ಇಷ್ಟೆಲ್ಲ ಗೂಢಚರ್ಯೆ ನಡೆಸಿಯೂ ಎಂಟು ವರ್ಷ ನಾವು ಬರ್ಕಾಕ್ಕೆ ಸೋತೇ ಸೋತೆವು. ಯಾಕೆ? ನಮ್ಮ ಹುಡುಗರ ಕಿವಿ ಮಂದ ಎಂಬುದು ಬಾಪ್ಪುವಿನ ವಾದ.

ಕಳೆದ ಡಿಸೆಂಬರಿನ ಫೈನಲ್ ಬಂತು. ಮೊದಲ ಸೆಟ್ ಅವರದು, ಎರಡನೆಯದರಲ್ಲೂ ಅವರೇ ಮುಂದೆ. ಲಿಫ್ಟರ್ ಒಂದು ಚೆಂಡಿಗೆ ಹಾರಿದರು, ಇಳಿಯುವಾಗ ತಮ್ಮ ತಂಡದವನದೇ ಪಾದದ ಮೇಲೆ ಇಳಿದರು. ಟಪ್ ಎಂದು ಸದ್ದು. ತೆಂಗಿನ ಸೋಗೆ ಮುರಿದ ಹಾಗೆ. ಹಿಮ್ಮಡಿಯ ಹಿಂದಿನ ದಪ್ಪ ನರ ಕಡಿದಿತ್ತು. “ಓ... ಉಮ್ಮಾ!” ಎಂದು ತಾಯಿಯನ್ನು ಕೂಗುತ್ತಾ ಅವರು ಮರಳಿನ ಮೇಲೆ ಬಿದ್ದರು.

ನಮ್ಮ ಕಡೆಯಿಂದ ಒಂದು ಚಪ್ಪಾಳೆ ಬಂತು. ಆಮೇಲೆ ನಾಲ್ಕು. ಆಮೇಲೆ ಒಂದು ಸೀಟಿ. ಯಾರೋ “ಖಲಾಸ್, ಕಪ್ ನಮ್ಮದೇ!” ಎಂದರು.

ಆಗ ನಾನೇನು ಮಾಡಿದೆ? ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಮನಸ್ಸು ಬಿಡುವುದಿಲ್ಲ. ಮೈಕು ಬಾಯಿಗೆ ಹಿಡಿದು, ಆ ಕೂಗನ್ನೇ, ಅದೇ ರಾಗದಲ್ಲಿ ಕೂಗಿದೆ: “ಓ... ಉಮ್ಮಾ!”

ಜನ ನಕ್ಕರು. ತುಂಬಾ ನಕ್ಕರು. ಇನ್ನೊಮ್ಮೆ ಕೂಗಲು ಉಸಿರೆಳೆದೆ, ಮೈಕು ಸತ್ತಿತ್ತು. ತಿರುಗಿ ನೋಡಿದರೆ ಬಾಪ್ಪು, ಕೈಯಲ್ಲಿ ಕಿತ್ತ ವೈರು! ಅಂಗಣದ ಆ ತುದಿಯಿಂದ ಈ ತುದಿಗೆ ಅವರು ಓಡಿ ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ. ಮಂಡಿನೋವಿನ ಮನುಷ್ಯ, ಮನೆಯಲ್ಲಿ ನೀರು ಬೇಕಾದರೂ ಕೂತಲ್ಲಿಂದಲೇ ಕರೆಯುವವರು!

ಬೈಯಲಿಲ್ಲ. ವೈರನ್ನು ನನ್ನ ಮಡಿಲಿಗೆ ಹಾಕಿ, ಸ್ಟ್ರೆಚರಿನ ಒಂದು ಮೂಲೆ ಹಿಡಿಯಲು ಹೋದರು.

ಆ ದಿನ ನಾವು ಗೆದ್ದೆವು. ಫೋಟೋಕ್ಕೆ ಕರೆದರೆ ಬಾಪ್ಪು ಬರಲಿಲ್ಲ. ದಾರ್ಸೈಟಿನಲ್ಲಿ ಕಾರಿನಿಂದ ಇಳಿಯುವಾಗ, “ಗೆದ್ದದ್ದು ಯಾರ ಮೇಲೆ? ಆಚೆ ಆರು ಜನ ನಿಂತಿದ್ದರು, ಅಷ್ಟೇ,” ಎಂದರು.

ಮುಂದಿನ ಶುಕ್ರವಾರದಿಂದ ಶುರುವಾಯಿತು ನೋಡಿ ವಿರಹ! ಬೇರೆ ಪದ ನನಗೆ ಸಿಗುತ್ತಿಲ್ಲ. ಮಧ್ಯಾಹ್ನ ಮೂರಕ್ಕೆ ಬಾಪ್ಪು ಶೂ ಹಾಕುವರು, ನಾಲ್ಕಕ್ಕೆ ಬಿಚ್ಚುವರು. ಒಮ್ಮೆ ಒತ್ತಾಯಿಸಿ ಮೈದಾನಕ್ಕೆ ಕರೆದುಕೊಂಡು ಹೋದೆ. ಬರ್ಕಾದ ಹೊಸ ಲಿಫ್ಟರ್ ಚುರುಕಿನ ಹುಡುಗ. ಬಾಪ್ಪು ಅವನ ಬೆರಳು ನೋಡುತ್ತಾ ನೋಡುತ್ತಾ ಆಕಳಿಸಿದರು. “ಒಂದು ತೋರಿಸಿದರೆ ಒಂದೇ ಮಾಡ್ತಾನೆ ಮಾರಾಯ. ಇದು ಎಂತ ಆಟ?”

ಮನೆಯಲ್ಲಿ ಸೋಫಾದಲ್ಲಿ ಕೂತು ಹಳೆಯ ಪಂದ್ಯಗಳ ವಿಡಿಯೋ ನೋಡುವರು. ಆಂಟಿ ಇಣುಕಿ, “ನಮ್ಮವರು ಗೆದ್ದದ್ದಾ?” ಎಂದರೆ, “ಸೋತದ್ದು. ಎಷ್ಟು ಚೆಂದ ಸೋತಿದ್ದೇವೆ ನೋಡು!” ಎನ್ನುವರು. ಊರು ಬಿಟ್ಟು ಇಪ್ಪತ್ತೆರಡು ವರ್ಷವಾದ ಮನುಷ್ಯ. ಆಫೀಸಿನಲ್ಲಿ ಇಂಗ್ಲಿಷು, ಟ್ಯಾಕ್ಸಿಯಲ್ಲಿ ಹಿಂದಿ, ಮಗಳಿಗೆ ಫೋನ್ ಮಾಡಿದರೂ ಉತ್ತರ ಇಂಗ್ಲಿಷಿನಲ್ಲೇ. ವಾರಕ್ಕೆ ಎರಡು ಗಂಟೆ, ಒಬ್ಬ ಬ್ಯಾರಿಯ ಬೆನ್ನಿಗೆ ಗಂಟಲು ಬಿಚ್ಚಿ ಬೈಯುವಾಗ ಮಾತ್ರ ಅವರು ಮಂಗಳೂರಿನಲ್ಲಿರುತ್ತಿದ್ದರು. ಇದು ನನಗೆ ಆಗ ಹೊಳೆದಿರಲಿಲ್ಲ. ಆಗ ನಾನು ಅವರು ಶೂ ಬಿಚ್ಚುವ ಶೈಲಿಯನ್ನು ಅಭ್ಯಾಸ ಮಾಡುತ್ತಿದ್ದೆ.

ಒಂದು ದಿನ ಚರ್ಚಿನ ಪೂಜೆಯ ಕೊನೆಯಲ್ಲಿ ಪಾದ್ರಿಗಳು ಪ್ರಾರ್ಥನೆಯ ಚೀಟಿಗಳನ್ನು ಓದುತ್ತಾ, “ಬರ್ಕಾದ... ಲಿಫ್ಟರ್... ಬೇಗ ಗುಣವಾಗಲಿ ಎಂದು,” ಎಂದು ತಡವರಿಸಿದರು. ಆಂಟಿ ಬಾಪ್ಪುವಿನ ಪಕ್ಕೆಗೆ ತಿವಿದು ಪಿಸುಗುಟ್ಟಿದರು.

“ಹೆಸರು ಬರೀಲಿಕ್ಕೆ ಆಗ್ತಿರಲಿಲ್ವಾ?”

“ಗೊತ್ತಿದ್ದರಲ್ವಾ ಬರೆಯುವುದು!”

ಎಂಟು ವರ್ಷ ಬೈದಿದ್ದಾರೆ, ಹೆಸರು ಕೇಳಿಲ್ಲ!

ಕೊನೆಗೆ ಆಂಟಿಯೇ ಕೋಳಿ ಸಾರು, ನಮ್ಮ ಕೊಂಕಣಿ ಇಡ್ಲಿ ಸಾನ್ನಾಂ ಕಟ್ಟಿಕೊಟ್ಟು ನಮ್ಮಿಬ್ಬರನ್ನೂ ಬರ್ಕಾಕ್ಕೆ ಅಟ್ಟಿದರು. ಬಾಪ್ಪುವಿಗೆ ನೋಡಬೇಕಿತ್ತು, ನನಗೆ ಕ್ಷಮೆ ಕೇಳಬೇಕಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಲಿಫ್ಟರ್ ಕಾಲಿಗೆ ಪ್ಲಾಸ್ಟರು ಹಾಕಿಕೊಂಡು ಮಲಗಿದ್ದರು. ಬಾಪ್ಪು ಬಾಗಿಲಲ್ಲೇ ಗಾಬರಿಯಿಂದ, “ಹಲಾಲ್ ಕೋಳಿಯೇ ಬ್ಯಾರಿಗಳೇ, ನಾನೇ ಕೇಳಿ ತಂದದ್ದು,” ಎಂದರು.

“ಪೊರ್ಬುಗಳೇ, ಒಮಾನಿನಲ್ಲಿ ನೀವು ಬೇರೆ ಎಂತ ಕೋಳಿ ಹುಡುಕ್ಲಿಕ್ಕೆ ಹೋಗಿದ್ದಿರಿ?”

ನಾನು ತಲೆ ತಗ್ಗಿಸಿ, “ಆ ದಿನ ಮೈಕಿನಲ್ಲಿ...” ಎಂದೆ.

“ಓ, ಅದು ನೀನಾ? ಊರಿನಲ್ಲಿ ನನ್ನ ಹೆಂಡತಿ ವಿಡಿಯೋ ನೋಡಿ, ‘ಒಮ್ಮೆ ಬಿದ್ದದ್ದಕ್ಕೆ ಎರಡು ಸಲ ಯಾಕೆ ಕಿರುಚಿದಿರಿ?’ ಅಂತ ಕೇಳಿದಳು.”

ನನ್ನ ಕಲೆಗೆ ಅಂಥ ಮೆಚ್ಚುಗೆ ಅದುವರೆಗೆ ಸಿಕ್ಕಿರಲಿಲ್ಲ. ಅಂಥ ಪೆಟ್ಟೂ.

ಊಟ ಬಡಿಸುವಾಗ ಬಾಪ್ಪು ನನಗೆ ಕೊಂಕಣಿಯಲ್ಲಿ, “ಪಾಪ, ತುಂಬಾ ಇಳಿದು ಹೋಗಿದ್ದಾರೆ, ದೊಡ್ಡ ತುಂಡು ಹಾಕುವ,” ಎಂದರು. ಲಿಫ್ಟರ್ ಶುದ್ಧ ಕೊಂಕಣಿಯಲ್ಲೇ, “ಕಾಲಿನ ತುಂಡು ಬೇಡ, ಕಾಲು ನೋಡಿದರೆ ಹೆದರಿಕೆ ಆಗ್ತದೆ,” ಎಂದರು!

ಬಾಪ್ಪುವಿನ ಕೈಯಲ್ಲಿ ಸೌಟು ಹಾಗೇ ನಿಂತಿತು. “ನಿಮಗೆ... ಕೊಂಕಣಿ ಬರ್ತದಾ?”

“ಸಣ್ಣವನಿರುವಾಗ ನಿಮ್ಮವರ ಬೇಕರಿಯಲ್ಲಿ ಆರು ವರ್ಷ ಇದ್ದೆ ಪೊರ್ಬುಗಳೇ.”

“ಹಾಗಾದ್ರೆ ನಾನು ಕೂಗಿದ್ದೆಲ್ಲಾ...”

“ನೀವು ಕೂಗಲಿ ಅಂತಲೇ ಸುಳ್ಳು ಬೆರಳು ತೋರಿಸ್ತಿದ್ದೆ. ನಮ್ಮ ಹುಡುಗರಿಗೆ ಸನ್ನೆ ಬೆರಳಲ್ಲಿ ಅಲ್ಲ, ನಾನು ಕಾಲು ಇಡುವುದರಲ್ಲಿ. ನಾಲ್ಕು ಸಲಕ್ಕೆ ಒಂದು ಸಲ ಮಾತ್ರ ನಿಜ ತೋರಿಸ್ತಿದ್ದೆ.”

“ಆ ಒಂದು ಯಾಕೆ?”

“ಎಲ್ಲವೂ ಸುಳ್ಳಾದ್ರೆ ನೀವು ಕುರ್ಚಿ ತಗೊಂಡು ಆಚೆ ಹೋಗುವುದಿಲ್ವಾ? ಆಮೇಲೆ ನನ್ನ ಹಿಂದೆ ಯಾರು ಇರ್ತಾರೆ?”

ಎಂಟು ವರ್ಷ ನಮ್ಮನ್ನು ಸೋಲಿಸಿದ್ದು ಬರ್ಕಾ ಅಲ್ಲ, ನಮ್ಮ ಬಾಪ್ಪು! ಈ ಸುದ್ದಿಯನ್ನು ನಮ್ಮ ತಂಡಕ್ಕೆ ತಿಳಿಸುವ ಧೈರ್ಯ ಇನ್ನೂ ಬಂದಿಲ್ಲ.

ಆದರೆ ಆ ದಿನದ ದೊಡ್ಡ ಸುದ್ದಿ ಅದಲ್ಲ. ಅಂಗಡಿ ಕಫೀಲನದು, ಎಂದರೆ ಅವರನ್ನು ಕೆಲಸಕ್ಕೆ ಕರೆಸಿಕೊಂಡ ಧಣಿಯದು, ವೀಸಾ ಅವನ ಕೈಯಲ್ಲಿ. ಕೆಟ್ಟವನಲ್ಲ ಆ ಒಮಾನಿ ಮುದುಕ. ತನ್ನ ಮಗನನ್ನೇ ಗಲ್ಲೆಯಲ್ಲಿ ಕೂರಿಸಿ ಕಾಯುತ್ತಿದ್ದ. ಬಕ್ರೀದ್ ತನಕ ಕಾಯುತ್ತೇನೆ, ಅಷ್ಟರೊಳಗೆ ನಿಂತು ಕೆಲಸ ಮಾಡಲಾಗದಿದ್ದರೆ ಊರಿಗೆ ಹೋಗಿ ಆರಾಮ ಮಾಡು ಎಂದಿದ್ದ. ಊರಿನಲ್ಲಿ ಎರಡು ಹೆಣ್ಣುಮಕ್ಕಳು ಓದುತ್ತಿದ್ದರು. ಲಿಫ್ಟರ್ ಇದನ್ನು ಹೇಳುವಾಗ ನಗಲಿಲ್ಲ.

ಬಾಪ್ಪು ಎದ್ದು ಕೈ ತೊಳೆದರು. “ಪ್ಲಾಸ್ಟರು ಯಾವಾಗ ತೆಗೀತಾರೆ?”

ಅಲ್ಲಿಂದ ಪ್ರತಿ ಶುಕ್ರವಾರ ದಾರ್ಸೈಟಿನಿಂದ ಬರ್ಕಾಕ್ಕೆ ಸವಾರಿ. ನೂರಿಪ್ಪತ್ತರ ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುತ್ತಾ, ಹಿಂದಿನವರೆಲ್ಲ ಹಾರನ್ ಹೊಡೆದರೆ “ಎಂತ ಅವಸರ ಇವರಿಗೆ!” ಎನ್ನುತ್ತಾ. ಬರ್ಕಾದ ಕಡಲ ತೀರದಲ್ಲಿ ಲಿಫ್ಟರ್ ಊರುಗೋಲು ಹಿಡಿದು ಮುಂದೆ, ಬಾಪ್ಪು ನಾಲ್ಕು ಹೆಜ್ಜೆ ಹಿಂದೆ. ಡಾಕ್ಟರು ಹೇಳಿದ ವ್ಯಾಯಾಮ ಇಷ್ಟು, ಬಾಪ್ಪುವಿನ ಬೈಗುಳ ಅಷ್ಟು.

“ಯಲ್ಲಾ ಬ್ಯಾರಿಗಳೇ! ನಿಮ್ಮನ್ನು ಒಂದು ಏಡಿ ಓವರ್‌ಟೇಕ್ ಮಾಡಿತು!”

“ಅದಕ್ಕೆ ಎಂಟು ಕಾಲು ಪೊರ್ಬುಗಳೇ, ನನಗೆ ಒಂದೂವರೆ!”

ಬಲೆ ಎಳೆಯುವ ಮೀನುಗಾರರು ಕೈ ನಿಲ್ಲಿಸಿ ನೋಡುತ್ತಿದ್ದರು. ಜಗಳವೆಂದು ತಿಳಿದ ಒಬ್ಬ ಅಜ್ಜ ಇಬ್ಬರ ಮಧ್ಯೆ ನಿಂತು ರಾಜಿ ಮಾಡಿಸಲು ಬಂದದ್ದೂ ಉಂಟು!

ಬಕ್ರೀದಿನ ಹೊತ್ತಿಗೆ ಊರುಗೋಲು ಹೋಯಿತು. ಕಫೀಲ ಬಂದು, ಲಿಫ್ಟರ್ ಗಲ್ಲೆಯ ಹಿಂದೆ ಅರ್ಧ ದಿನ ನಿಂತದ್ದನ್ನು ನೋಡಿ, “ತಮಾಮ್” ಎಂದು ಬೆನ್ನು ತಟ್ಟಿದ. ಅಂಗಡಿ ಉಳಿಯಿತು. ಆಟ ಉಳಿಯಲಿಲ್ಲ, ಇನ್ನು ಹಾರಲೇಬಾರದು ಎಂದು ಡಾಕ್ಟರರ ಆಜ್ಞೆ. ಬಿರಿಯಾನಿ ತಿನ್ನಿಸಿ ಕಳಿಸುವಾಗ ಲಿಫ್ಟರ್, “ಪೊರ್ಬುಗಳೇ, ಇನ್ನು ಈ ಬಿಸಿಲಲ್ಲಿ ನೀವು ಅಷ್ಟು ದೂರ ಬರುವುದು ಬೇಡ. ವಾರಕ್ಕೆ ಒಂದು ರಜೆ ನಿಮಗೆ,” ಎಂದರು.

“ಹೌದು ಹೌದು, ನನಗೂ ಬೇಕಾದಷ್ಟು ಕೆಲಸ ಉಂಟು,” ಎಂದರು ಬಾಪ್ಪು.

ಎಂತ ಕೆಲಸ? ಮೊದಲ ಶುಕ್ರವಾರ ಕಾರು ತೊಳೆದರು. ಎರಡನೆಯ ಶುಕ್ರವಾರ, ತೊಳೆದಿದ್ದ ಕಾರನ್ನೇ ಮತ್ತೆ ತೊಳೆದರು. ಮೂರನೆಯದಕ್ಕೆ ಆಂಟಿ, “ಬೇರೆ ಯಾರಾದ್ರೂ ಕಾಲು ಮುರಿದವರು ಸಿಗ್ತಾರಾ ನೋಡಿ!” ಎಂದರು. ನಾನು ನಕ್ಕೆ. ಬಾಪ್ಪು ಬಕೆಟ್ ಎತ್ತಿಕೊಂಡು ಒಳಗೆ ಹೋದರು.

ಮೊನ್ನೆ ಗುರುವಾರ ನನ್ನ ವ್ಯಾನು ಬರ್ಕಾಕ್ಕೆ ಹೋಗಿತ್ತು. ಅಂಗಡಿಯ ಬಾಗಿಲಲ್ಲಿ ನಿಂತರೆ, ಲಿಫ್ಟರ್ ಸ್ಟೂಲಿನ ಮೇಲೆ, ಪೆಟ್ಟಾಗಿದ್ದ ಆ ಕಾಲಿನದೇ ಬೆರಳ ತುದಿಯಲ್ಲಿ ನಿಂತು, ಎಣ್ಣೆ ಡಬ್ಬಗಳ ರಟ್ಟಿನ ಪೆಟ್ಟಿಗೆಯನ್ನು ಮೇಲಿನ ಹಲಗೆಗೆ ಏರಿಸುತ್ತಿದ್ದರು. ಹೂವಿನ ಹಾಗೆ! ಗಲ್ಲೆಯ ಮೇಲೆ ಫೋನು ಸ್ಪೀಕರಿನಲ್ಲಿತ್ತು.

“ಪೊರ್ಬುಗಳೇ, ಕಾಲು ಪುನಃ ಎಳೀತಾ ಉಂಟು.”

“ಹಿಮ್ಮಡಿಯಲ್ಲಾ? ನಾನು ಹೇಳಿರಲಿಲ್ವಾ! ಗುಣ ಆಗುವ ಮೊದಲೇ ದೊಡ್ಡ ಜನ ಆದಿರಿ! ನಾಳೆ ನಾಲ್ಕಕ್ಕೆ ಬರ್ತೇನೆ. ಅಷ್ಟರವರೆಗೆ ಕೂತಲ್ಲಿಂದ ಏಳಬಾರದು, ಹೇಳಿದ್ದೇನೆ!”

“ಏಳುವುದು ಎಲ್ಲಿಂದ ಪೊರ್ಬುಗಳೇ, ಮಲಗಿಯೇ ಇದ್ದೇನೆ,” ಎನ್ನುತ್ತಾ ಲಿಫ್ಟರ್ ಸ್ಟೂಲಿನಿಂದ ಕೆಳಗೆ ಜಿಗಿದರು. ಆಗ ನನ್ನನ್ನು ಕಂಡರು. ನಾನು ಬಿಸ್ಕತ್ತಿನ ಪೆಟ್ಟಿಗೆ ಇಳಿಸಿ, ಬಿಲ್ಲಿಗೆ ಸಹಿ ಹಾಕಿಸಿಕೊಂಡು ಬಂದೆ.

ಸಂಜೆ ಮನೆಗೆ ಬಂದರೆ ಬಾಪ್ಪು ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದರು. ಆಂಟಿ ಕೋಳಿಗೆ ಮಸಾಲೆ ಕಲಸುತ್ತಿದ್ದರು.

“ಇವತ್ತು ನಿನಗೆ ಬರ್ಕಾ ರೂಟಲ್ವಾ?” ಬಾಪ್ಪು ತಲೆ ಎತ್ತದೆ ಕೇಳಿದರು. “ಲಿಫ್ಟರನ್ನು ಕಂಡಿಯಾ? ಹೇಗಿದ್ದಾರೆ? ನಿಜ ಹೇಳು.”

ಇಸ್ತ್ರಿ ಒಂದೇ ಕಡೆ ನಿಂತಿತ್ತು.

“ಕಂಡೆ ಬಾಪ್ಪು,” ಎಂದೆ. “ಪಾಪ, ತುಂಬಾ ಕುಂಟ್ತಾ ಇದ್ದರು.”